ಪರ್ಷಿಯಾದ ಡಾರಿಕ್ ಚಿನ್ನದ ನಾಣ್ಯ ಅಸಲಿಯೇ ಎಂದು ಮನೆಯಲ್ಲಿ ಪರೀಕ್ಷಿಸುವುದು ಹೇಗೆ?

ಮೊದಲು ತೂಕ. ಪ್ರಾಚೀನ ಪರ್ಷಿಯಾವನ್ನು ಆಳಿದ ಅಖಾಮನೀಡ್ ದೊರೆಗಳ ಡಾರಿಕ್ ಸುಮಾರು 8.35 ಗ್ರಾಂ ಇರುತ್ತದೆ. 0.01 ಗ್ರಾಂವರೆಗೆ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ತಳ ತಾಗದಂತೆ ಮುಳುಗಿಸಿ. ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ; ಅದು 0.44 ಗ್ರಾಂ ಹತ್ತಿರ ಇರಬೇಕು. ಚಿನ್ನದ ಲೇಪನದ ತಾಮ್ರವಾದರೆ ಅಂಕಿ ದುಪ್ಪಟ್ಟಾಗುತ್ತದೆ. ಗಾಳಿಗುಳ್ಳೆ ಅಂಟಿದ್ದರೂ ಏರುತ್ತದೆ, ಅಲುಗಿಸಿ ಬಿಡಿಸಿ.

ಚಿನ್ನದಲ್ಲೇ ಮಾಡಿದ ನಕಲಿ ಈ ಪರೀಕ್ಷೆ ದಾಟಿಬಿಡುತ್ತದೆ. ಹಾಗಾಗಿ 10 ಪಟ್ಟು ಭೂತಗನ್ನಡಿಯಲ್ಲಿ ಅಂಚು ನೋಡಿ: ಸುತ್ತ ಗೆರೆ, ಸಣ್ಣ ತೂತುಗಳಿದ್ದರೆ ಎರಕ ಹೊಯ್ದ ನಕಲಿ. ಬಿಲ್ಲು ಹಿಡಿದ ರಾಜನ ಚಿತ್ರ ಪಕ್ಕಕ್ಕೆ ಸರಿದಿರುವುದು ಸಹಜ, ಕೈಯಿಂದ ಬಡಿದ ನಾಣ್ಯವಲ್ಲವೇ! ಹಿಂಬದಿಯಲ್ಲಿ ಸಾಮಾನ್ಯವಾಗಿ ಒರಟು, ಉದ್ದನೆಯ ಗುಳಿ ಮಾತ್ರ. ಅನುಮಾನ ಉಳಿದರೆ ಪರಿಣತರಿಗೆ ತೋರಿಸಿ. ದಯವಿಟ್ಟು ಉಜ್ಜಿ ಹೊಳಪು ಕೊಡಬೇಡಿ.