ಏಪ್ರಿಲ್ ಬೇಡ, ಸೆಪ್ಟೆಂಬರ್‌ನಲ್ಲಿ ಹೋಗಿ

ಏಪ್ರಿಲ್‌ನಲ್ಲಿ ನಾಲ್ವರು ಗೆಳೆಯರು ಆಫ್ರಿಕಾದ ಜಾಂಬೆಜಿ ನದಿಯಲ್ಲಿ ರಾಫ್ಟಿಂಗ್‌ಗೆ ಹೋಗಬಹುದಾ, ಒಬ್ಬನಿಗೆ ಈಜು ಬರಲ್ಲ ಅಂತ ಕೇಳಿದ್ದೀರಿ. ಏಪ್ರಿಲ್ ಖಂಡಿತ ಬೇಡ. ಆಗ ವಿಕ್ಟೋರಿಯಾ ಜಲಪಾತ ತುಂಬಿ ಹರಿಯುತ್ತದೆ, ಕೆಳಗಿನ ಬಟೋಕಾ ಕಮರಿಯಲ್ಲಿ ರಾಫ್ಟಿಂಗ್ ನಿಲ್ಲಿಸುವುದೂ ಉಂಟು. ನೀರು ಇಳಿದಿರುವ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೇದು.

ನಾವೂ ಆಗಲೇ ಹೋಗಿದ್ದು. 9ನೇ ರ‍್ಯಾಪಿಡ್ (ನೀರು ಬಂಡೆಗಳ ನಡುವೆ ರಭಸದಿಂದ ನುಗ್ಗುವ ಜಾಗ) ಹತ್ತಿರ ಎಲ್ಲರನ್ನೂ ಇಳಿಸಿ ದಡದ ಮೇಲೆ ನಡೆಸಿದರು. ಕಪ್ಪು ಬಸಾಲ್ಟ್ ಬಂಡೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು! ಚಪ್ಪಲಿ ಸಾಲದು, ಗಟ್ಟಿ ಶೂ ಹಾಕಿಕೊಳ್ಳಿ. ಕೊನೆಗೆ ಕಮರಿ ಹತ್ತಿ ಬರುವುದೇ ಜಾಸ್ತಿ ಸುಸ್ತು.

ನಿಮ್ಮ ಗೆಳೆಯನನ್ನು ಲೈಫ್ ಜಾಕೆಟ್ ತೇಲಿಸುತ್ತದೆ. ಆದರೆ ರಾಫ್ಟ್ ಮಗುಚಿದಾಗ ಗಾಬರಿಯಾಗಬಾರದು ಅಲ್ವಾ? ಅವನಿಗೆ ನೀರು ಕಂಡರೆ ಭಯವಿದ್ದರೆ ದಯವಿಟ್ಟು ಒತ್ತಾಯ ಮಾಡಬೇಡಿ.