ತಾತ ಬರೆಸಿಕೊಂಡ ಎರಡು ಎಕರೆ

ಪ್ರಶ್ನೆ: ವಯಸ್ಸು 34, ಬೆಂಗಳೂರಿನಲ್ಲಿ ಕೆಲಸ, ಊರು ಹಾಸನದ ಕಡೆ. ಪಹಣಿ ಸರಿಪಡಿಸಲು ಹಳೇ ಕಾಗದ ತೆಗೆಸಿದಾಗ ಒಂದು ವಿಷಯ ಗೊತ್ತಾಯಿತು. ನಮ್ಮ ಕೆರೆ ಕೆಳಗಿನ ಎರಡು ಎಕರೆ ಗದ್ದೆ, ನಮ್ಮಲ್ಲೇ ಜೀತಕ್ಕಿದ್ದ ದಲಿತ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದು. 1983ರಲ್ಲಿ ಅವರ ಮಗಳ ಮದುವೆ ಸಾಲಕ್ಕೆ ತಾತ ಬರೆಸಿಕೊಂಡಿದ್ದಾರೆ. ಅಜ್ಜಿ ಆ ಮನೆಯವರಿಗೆ ಕೊಟ್ಟಿಗೆ ಹಿಂದೆ ಕರಟಕ್ಕೆ ಎತ್ತರದಿಂದ ಕಾಫಿ ಸುರಿಯುತ್ತಿದ್ದದ್ದು ನನಗೂ ನೆನಪಿದೆ. ಅಪ್ಪ, 'ನಾವೇನು ಮಾಡಿದ್ವಾ? ಕಾಲವೇ ಹಾಗಿತ್ತು' ಅಂತಾರೆ. ನನಗೆ ನಿದ್ದೆ ಬರುತ್ತಿಲ್ಲ. ನಾನೂ ತಪ್ಪಿತಸ್ಥನೇ?

ಉತ್ತರ: ಅಲ್ಲ. ನೀವು ಹುಟ್ಟುವ ಮೊದಲು ಆದ ಪತ್ರಕ್ಕೆ ನೀವು ಅಪರಾಧಿಯಲ್ಲ. ಆದರೆ ಆ ಗದ್ದೆಯ ಭತ್ತ ನಿಮ್ಮ ಕಾಲೇಜು ಫೀಸಿಗೂ ಹೋಗಿರುತ್ತದಲ್ಲ, ಹೊಣೆ ಅಲ್ಲಿಂದ ಶುರು. ಪಾಲು ಕೇಳುವಾಗ ತಾತನ ಮೊಮ್ಮಗ, ಬಾಕಿ ಕೇಳಿದಾಗ ಬೇರೆ ಕಾಲದವನು ಅಂದರೆ ಊರು ಒಪ್ಪುತ್ತದೆಯೇ?

'ಕಾಲವೇ ಹಾಗಿತ್ತು' ಎಂಬ ಮಾತೂ ಪೂರ್ತಿ ನಿಜವಲ್ಲ. ಜೀತ ರದ್ದತಿ ಕಾನೂನು 1976ರಲ್ಲೇ ಬಂದಿತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳಿತ್ತು. ತಾತ ಬರೆಸಿಕೊಳ್ಳುವಾಗ ಎರಡೂ ಜಾರಿಯಲ್ಲಿದ್ದವು. ಬರೆಸಿಕೊಂಡ ಮೇಲೆ ಆ ಗದ್ದೆ ಉತ್ತವರು ಯಾರು ಎಂದು ಅಪ್ಪನನ್ನೊಮ್ಮೆ ಕೇಳಿ. ಅದೇ ಮನೆಯವರು, ಕೂಲಿಗೆ ಬಂದು ಉತ್ತಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಈಗ ಅವರ ಮನೆಗೆ ಹೋಗಿ ಕಣ್ಣೀರು ಹಾಕಬೇಡಿ. ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ ಬೀಳುತ್ತದೆ. ಅದರ ಬದಲು ಸಾಗುವಳಿ ಚೀಟಿ (ಮಂಜೂರಾತಿ ಪತ್ರ), ಮ್ಯುಟೇಷನ್ (ಖಾತೆ ಬದಲಾವಣೆ) ನಕಲುಗಳನ್ನು ತಾಲ್ಲೂಕು ಕಚೇರಿಯಿಂದ, ಕ್ರಯಪತ್ರದ ನಕಲನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ತೆಗೆಸಿ, ಒಂದು ಸೆಟ್ ಅವರ ಕೈಗೆ ಕೊಡಿ. ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ಜಮೀನು ವಾಪಸ್ ಕೇಳುವ ಹಕ್ಕು ಮಂಜೂರಾದವರ ವಾರಸುದಾರರಿಗಿದೆ. ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಆದರೂ ವಿಳಂಬದ ವಾದ ಕೋರ್ಟುಗಳಲ್ಲಿ ನಡೆಯುತ್ತಲೇ ಇದೆ, ಹಾಗಾಗಿ ಮೊದಲು ವಕೀಲರೊಬ್ಬರಿಗೆ ಕಾಗದ ತೋರಿಸಿ. ಅರ್ಜಿ ಹಾಕಬೇಕೋ, ಬೇರೆ ರೀತಿ ಇತ್ಯರ್ಥವಾಗಬೇಕೋ ಎಂಬುದು ಆ ಕುಟುಂಬದ ತೀರ್ಮಾನ. ನೀವು ಹೇಳಬೇಕಾದ್ದು ಇಷ್ಟೇ: 'ನನ್ನ ಕಡೆಯಿಂದ ತಕರಾರಿಲ್ಲ.'

ಖಾತೆ ಇನ್ನೂ ತಾತನ ಹೆಸರಲ್ಲೇ ಇದ್ದರೆ ದೊಡ್ಡಪ್ಪ, ಅತ್ತೆಯಂದಿರಿಗೂ ಅದರಲ್ಲಿ ಪಾಲಿದೆ. ಮನೆಯಲ್ಲಿ ರಂಪ ಆಗಿಯೇ ಆಗುತ್ತದೆ, ವರ್ಷಗಟ್ಟಲೆ ಎಳೆಯಲೂಬಹುದು. ಅಪ್ಪನನ್ನು ಒಂದೇ ದಿನದಲ್ಲಿ ಒಪ್ಪಿಸಲು ಹೋಗಬೇಡಿ. ಆದರೆ ಅಲ್ಲಿಯವರೆಗೆ ಆ ಗದ್ದೆ ಮಾರುವ, ಅಡವಿಡುವ ಯಾವ ಕಾಗದಕ್ಕೂ ನಿಮ್ಮ ಸಹಿ ಬೀಳದಿರಲಿ.