ಭಾನುವಾರದ ಮಾತ್ರೆ

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮನಿಗೆ 62 ವರ್ಷ. ಒಂಬತ್ತು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಅದಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆ, 15 ಮಿಲಿಗ್ರಾಂ, ಭಾನುವಾರ ಮಾತ್ರ. ಹೋದ ತಿಂಗಳು ಉರಿಮೂತ್ರ, ಜ್ವರ ಅಂತ ಒಂದು ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಅದೇ ಮಾತ್ರೆ ದಿನಕ್ಕೊಂದು ಅಂತ ಇತ್ತು. ‘ಇದು ವಾರಕ್ಕೊಂದು ಅಲ್ವಾ?’ ಅಂತ ಕೇಳಿದೆ. ‘ನೀವು ಡಾಕ್ಟರಾ?’ ಅಂದರು. ಆರು ದಿನ ನಾನೇ ಕೈಯಾರೆ ಕೊಟ್ಟೆ. ಬಾಯಿ ತುಂಬ ಹುಣ್ಣು, ಗಂಜಿ ಕೂಡ ಇಳಿಯಲಿಲ್ಲ. ರಕ್ತಕಣ ಕುಸಿದು ಬೇರೆ ಆಸ್ಪತ್ರೆಯಲ್ಲಿ 11 ದಿನ ಇದ್ದರು. ಈಗ ಪರವಾಗಿಲ್ಲ. ಆದರೆ ಯಾವ ಮಾತ್ರೆ ಕಂಡರೂ ಹೆದರುತ್ತಾರೆ. ನನಗೋ ಸಿಟ್ಟು ಇಳಿಯುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಸಿಟ್ಟು ಸದ್ಯಕ್ಕೆ ಇರಲಿ ಬಿಡಮ್ಮ, ಅದಕ್ಕೆ ಕೆಲಸ ಇದೆ.

ನಿಮ್ಮ ಪತ್ರ ಓದುತ್ತಾ ‘ನೀವು ಡಾಕ್ಟರಾ?’ ಅನ್ನೋ ಕಡೆ ನಿಂತುಬಿಟ್ಟೆ. ಆ ಮಾತನ್ನು ನಾನೂ ಬೇರೆ ಥರ ಆಡಿದ್ದೇನೆ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಮೇಷ್ಟ್ರು ಮಂಡಿನೋವು ಅಂತ ಬಂದರು. ಹೊರಗೆ ಬೆಂಚಿನ ತುಂಬ ಜನ. ಅವರ ಹೆಂಡತಿ ಬಟ್ಟೆ ಅಂಗಡಿಯ ಕವರಿನಿಂದ ಹಳೇ ರಿಪೋರ್ಟ್ ಒಂದೊಂದೇ ತೆಗೆಯುತ್ತಿದ್ದರು. ‘ಆಮೇಲೆ ನೋಡೋಣಮ್ಮ’ ಅಂತ ಹೇಳಿ ಐದು ದಿನಕ್ಕೆ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ಬರೆದೆ. ಹತ್ತು ದಿನಕ್ಕೆ ಕಾಲು ಊದಿಸಿಕೊಂಡು ಬಂದರು. ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಶ, 2 ಇದ್ದದ್ದು 4 ಆಗಿತ್ತು. ಸೋತ ಕಿಡ್ನಿಗೆ ಆ ಮಾತ್ರೆ ಕೊಡಬಾರದು ಅನ್ನೋದು ನನಗೆ ಗೊತ್ತಿತ್ತು. ಕಿಡ್ನಿ ಸೋತಿದೆ ಅನ್ನೋದು ಆ ಕವರಿನಲ್ಲಿತ್ತು. ಮೇಷ್ಟ್ರು ಏನೂ ಅನ್ನಲಿಲ್ಲ. ಅವರ ಹೆಂಡತಿ ಆಮೇಲೆ ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಲಿಲ್ಲ.

ಹಳೇ ಕಾಯಿಲೆಯವರ ವಿಷಯದಲ್ಲಿ ನಮ್ಮ ತಪ್ಪು ಜಾಸ್ತಿ ಆಗುವುದು ಇಲ್ಲೇ. ಹೊಸ ಜಾಗ, ಹೊಸ ಡಾಕ್ಟರು, ಐದು ನಿಮಿಷ. ಹಿಂದಿನದೆಲ್ಲ ಗೊತ್ತಿರುವುದು ಮನೆಯವರಿಗೆ. ಅವರನ್ನೇ ಸುಮ್ಮನಿರಿಸುತ್ತೇವೆ.

ಮೆಥೊಟ್ರೆಕ್ಸೇಟ್ ಅಂತೂ ಬಲು ಎಚ್ಚರಿಕೆಯ ಮಾತ್ರೆ. ಕ್ಯಾನ್ಸರಿಗೂ ಕೊಡುತ್ತಾರೆ. ಕೀಲಿಗೆ ಕೊಡುವಾಗ ವಾರಕ್ಕೊಮ್ಮೆ ಮಾತ್ರ. ಬೇಗ ಬೇಗ ಹುಟ್ಟುವ ಜೀವಕೋಶಕ್ಕೆ ಅದರ ಮೊದಲ ಏಟು. ಬಾಯಿಯ ಒಳಪದರ, ರಕ್ತ ತಯಾರಾಗುವ ಮಜ್ಜೆ, ಇವೇ ಅವು. ಆರು ದಿನ ಬಿಡುವು ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ಬರೆಯುವ ಕೈಗೆ ಮಾತ್ರ ಬಿಪಿ ಮಾತ್ರೆಯಂತೆ ‘ದಿನಕ್ಕೊಂದು’ ಬರೆದು ರೂಢಿ. ಈ ತಪ್ಪು ಬೇರೆ ದೇಶಗಳಲ್ಲೂ ಆಗಿದೆ, ಜೀವ ಹೋದದ್ದೂ ಉಂಟು. ಅಂದಹಾಗೆ, ಉರಿಮೂತ್ರಕ್ಕೆ ಯಾವ ಆಂಟಿಬಯಾಟಿಕ್ ಕೊಟ್ಟಿದ್ದರು ನೋಡಿ. ಕೋಟ್ರೈಮಾಕ್ಸಜೋಲ್ ಆಗಿದ್ದರೆ ಅದನ್ನೂ ಇದರ ಜೊತೆ ಸೇರಿಸಬಾರದಿತ್ತು.

ಕೈಯಾರೆ ಕೊಟ್ಟೆ ಅನ್ನೋ ಕೊರಗು ಬೇಡ. ನೀವು ಕೇಳಿದಿರಿ, ಅವರು ಕೇಳಿಸಿಕೊಳ್ಳಲಿಲ್ಲ.

ಈಗ ಸಿಟ್ಟಿನ ಕೆಲಸ. ಎರಡೂ ಆಸ್ಪತ್ರೆಗೆ ಅರ್ಜಿ ಬರೆದು ದಾಖಲೆಗಳ ಪ್ರತಿ ಕೇಳಿ. 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮದಲ್ಲೇ ಇದೆ. ಆ ಚೀಟಿಯ ಅಸಲು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು. ಮೊದಲು ಆ ಚೀಟಿ ಕೊಟ್ಟ ಆಸ್ಪತ್ರೆಯ ಮುಖ್ಯಸ್ಥರಿಗೆ ಒಂದು ಪುಟದ ಪತ್ರ ಬರೆಯಿರಿ. ಬೈಗುಳ ಬೇಡ, ತಾರೀಖುಗಳೇ ಮಾತಾಡಲಿ. ಸರಿಯಾದ ಉತ್ತರ ಬರದಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯ ಇರುತ್ತದೆ.

ಅಮ್ಮನ ಹೆದರಿಕೆ ನ್ಯಾಯವಾದದ್ದೇ. ಹಾಗಂತ ಮಾತ್ರೆಯನ್ನೇ ಬಿಟ್ಟರೆ ಕೀಲು ಮತ್ತೆ ಊದಿಕೊಳ್ಳುತ್ತದೆ. ಮತ್ತೆ ಶುರು ಮಾಡಬೇಕಾ, ಯಾವಾಗ ಅನ್ನೋದನ್ನು ಅವರ ಕೀಲಿನ ಡಾಕ್ಟರೇ ರಕ್ತ, ಕಿಡ್ನಿ, ಲಿವರ್ ರಿಪೋರ್ಟ್ ನೋಡಿ ಹೇಳಲಿ. ಅಲ್ಲಿವರೆಗೆ ಮನೆಯಲ್ಲಿರುವ ಸ್ಟ್ರಿಪ್ ಬೇರೆ ಎತ್ತಿಡಿ. ಶುರುವಾದರೆ ಡಬ್ಬಿಯ ಮೇಲೆ ‘ಭಾನುವಾರ ಮಾತ್ರ’ ಅಂತ ಅಮ್ಮನ ಕೈಯಲ್ಲೇ ಬರೆಸಿ. ಬಾಯಲ್ಲಿ ಹುಣ್ಣು, ಜ್ವರ, ಒಣಕೆಮ್ಮು ಏನೇ ಕಂಡರೂ ಭಾನುವಾರದವರೆಗೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.